ಬಾಗಿಲಿಲ್ಲದ ತೂಬು: ಮಿದುಳಿನ ನೀರಿನ ದಾರಿಯನ್ನು ಜಗುಲಿಯಲ್ಲೇ ಕೂತು ನೋಡುವ ಬಗೆ

ತೀರ್ಥಹಳ್ಳಿ ಕಡೆಯ ನಮ್ಮ ಊರಲ್ಲಿ ಜೂನ್ ಹಿಡಿಯಿತು ಅಂದ್ರೆ ಕರೆಂಟು, ನೆಟ್‌ವರ್ಕು ಎರಡೂ ನೆಂಟರ ಹಾಗೆ. ಬಂದಾಗ ಬಂದವು, ಹೋದಾಗ ಹೋದವು. ಅಂಥ ಒಂದು ಮಳೆಗಾಲದಲ್ಲೇ ನಾನು ಮೊದಲ ಸಲ ಒಂದು ಪ್ರೋಟೀನಿನ ಒಳಗೆ ಇಣುಕಿ ನೋಡಿದ್ದು. ಈಗ ಊರಿನ ಡಿಗ್ರಿ ಮಕ್ಕಳು ಸೆಮಿನಾರು, ಪ್ರಾಜೆಕ್ಟು ಅಂತ ನೋಟ್‌ಬುಕ್ ಹಿಡಿದು ಬರುತ್ತಾರೆ. ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ.

ನಾವು ನೋಡಹೊರಟಿರುವುದು ಆಕ್ವಾಪೋರಿನ್-4 ಅನ್ನುವ ಪ್ರೋಟೀನನ್ನು. ಮಿದುಳಿನ ಆಸರೆ ಕೋಶಗಳ ಪೊರೆಯಲ್ಲಿ ನೀರು ದಾಟುವ ದಾರಿ ಇದು. ಮೊಬೈಲ್ ಸಾಕು, ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಜೊತೆಗೆ ಒಂದೆರಡು ಹಳೇ ಕ್ಯಾಲೆಂಡರ್ ಹಾಳೆ, ಅಂಟು, ಒಂದು ಹಿಡಿ ಕಾಳುಮೆಣಸು. ಮೆಣಸು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಇಷ್ಟು ಗೊತ್ತಿರಲಿ

ಮಿದುಳು ಅಂದ ಕೂಡಲೇ ನಮಗೆ ನೆನಪಾಗುವುದು ನರಕೋಶ. ಆದರೆ ಮೆಣಸಿನ ಬಳ್ಳಿಗೆ ಆಸರೆ ಮರ ಬೇಕಲ್ವಾ, ಹಾಗೆ ನರಕೋಶಗಳಿಗೂ ಆಸರೆ ಕೋಶಗಳು ಬೇಕು. 1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಷೋ ಇವಕ್ಕೆ ನ್ಯೂರೋಗ್ಲಿಯಾ ಅಂತ ಹೆಸರಿಟ್ಟ. ಗ್ಲಿಯಾ ಅಂದರೆ ಗ್ರೀಕಿನಲ್ಲಿ ಅಂಟು. ನರಕೋಶಗಳನ್ನು ಹಿಡಿದಿಡುವ ಬರೀ ಗೋಂದು ಅಂತ ಅವನ ಅಂದಾಜು. ಅದು ತೀರಾ ಕಡಿಮೆ ಅಂದಾಜಾಯಿತು.

ಈ ಆಸರೆ ಕೋಶಗಳಲ್ಲಿ ನಕ್ಷತ್ರದ ಹಾಗೆ ಕೈಕಾಲು ಚಾಚಿಕೊಂಡವು ಆಸ್ಟ್ರೋಸೈಟ್‌ಗಳು. ಅವುಗಳ ಕಾಲಿನ ತುದಿ ರಕ್ತನಾಳಗಳನ್ನು ಸುತ್ತಲೂ ತಬ್ಬಿಕೊಂಡಿರುತ್ತದೆ. ಆ ಪಾದದಲ್ಲಿ, ಅದರಲ್ಲೂ ರಕ್ತನಾಳಕ್ಕೆ ಮುಖ ಮಾಡಿದ ಕಡೆಯ ಪೊರೆಯಲ್ಲಿ ಆಕ್ವಾಪೋರಿನ್-4 ಒತ್ತೊತ್ತಾಗಿ ಕೂತಿರುತ್ತದೆ.

ಪೊರೆ ಅಂದರೆ ಎರಡು ಪದರ ಕೊಬ್ಬು. ನಡುವಿನ ಎಣ್ಣೆ ಭಾಗದ ದಪ್ಪ ಸುಮಾರು 30 ಆಂಗ್‌ಸ್ಟ್ರಾಂ. ಒಂದು ಮಿಲಿಮೀಟರಿನಲ್ಲಿ ಒಂದು ಕೋಟಿ ಆಂಗ್‌ಸ್ಟ್ರಾಂ ಇರುತ್ತದೆ ಅಂದರೆ ಲೆಕ್ಕ ಸಿಗಬಹುದು. ಎಣ್ಣೆಯಲ್ಲಿ ನೀರು ಸಲೀಸಾಗಿ ಹೋಗುವುದಿಲ್ಲ. ಅದಕ್ಕೇ ತೂಬು ಬೇಕು. ಕೆರೆ ಏರಿಯ ತೂಬಿನ ಹಾಗೆಯೇ ಅಂದುಕೊಳ್ಳಿ. ಒಂದೇ ವ್ಯತ್ಯಾಸ, ಇದಕ್ಕೆ ಬಾಗಿಲಿಲ್ಲ.

ಇದನ್ನು ಅಪ್ಪಯ್ಯನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಾಗಿಲಿಲ್ಲದಿದ್ರೆ ನೀರೆಲ್ಲ ಸುಮ್ನೆ ಹರಿದುಹೋಗಲ್ವನಾ?" ಒಳ್ಳೇ ಪ್ರಶ್ನೆ. ಎರಡೂ ಕಡೆ ನೀರಿನ ಮಟ್ಟ ಸಮ ಇದ್ದರೆ ತೂಬು ತೆರೆದಿದ್ದರೂ ಹರಿವು ಇಲ್ಲ. ಇಲ್ಲಿ ಮಟ್ಟ ಅಂದರೆ ಉಪ್ಪು ಮತ್ತಿತರ ಕರಗಿದ ವಸ್ತುಗಳ ಸಾಂದ್ರತೆ. ಯಾವ ಕಡೆ ಅದು ಜಾಸ್ತಿಯೋ ಆ ಕಡೆಗೆ ನೀರು ಹೋಗುತ್ತದೆ. ದಾರಿ ಎರಡೂ ಕಡೆಗೆ ಒಂದೇ.

ಇಂಥ ದಾರಿ ಇದೆ ಅಂತ ಪೀಟರ್ ಆಗ್ರೆ 1992ರಲ್ಲಿ ತೋರಿಸಿದರು. ಅವರಿಗೆ ಸಿಕ್ಕಿದ್ದು ಕೆಂಪು ರಕ್ತಕಣದ ಆಕ್ವಾಪೋರಿನ್-1. ಅದಕ್ಕೆ 2003ರ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ವರ್ಷದ ಬಹುಮಾನವನ್ನು ಅವರ ಜೊತೆ ಹಂಚಿಕೊಂಡವರು ಪೊಟ್ಯಾಸಿಯಂ ದಾರಿಯ ರಚನೆ ಬಿಡಿಸಿದ ರೋಡರಿಕ್ ಮೆಕಿನನ್. ಈ ಎರಡನೇ ಹೆಸರು ಕೊನೆಯಲ್ಲಿ ಬೇಕಾಗುತ್ತದೆ.

ಹೆಜ್ಜೆ ಒಂದು: ಅಕ್ಷರ ಓದಿ

ಎಲ್ಲರೂ ನೇರ ಚಿತ್ರಕ್ಕೇ ಹಾರುತ್ತಾರೆ. ಬೇಡ. ಮೊದಲು ಪ್ರೋಟೀನುಗಳ ಅಕ್ಷರ ಸಾಲನ್ನು ಕೂಡಿಟ್ಟಿರುವ ಯೂನಿಪ್ರಾಟ್ ತಾಣಕ್ಕೆ ಹೋಗಿ ಪಿ55087 ಅಂತ ಹುಡುಕಿ. ಪಿ ಅನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. ಅದು ಮನುಷ್ಯರ ಆಕ್ವಾಪೋರಿನ್-4. ಒಟ್ಟು 323 ಅಮೈನೋ ಆಮ್ಲಗಳ ಸರ. ಒಂದೊಂದಕ್ಕೂ ಒಂದು ಅಕ್ಷರ.

ಆ ಸರದಲ್ಲಿ ಎನ್, ಪಿ, ಎ ಅನ್ನುವ ಮೂರು ಅಕ್ಷರ ಒಟ್ಟಿಗೆ ಬರುವ ಜಾಗ ಹುಡುಕಿ. ಎರಡು ಕಡೆ ಸಿಗುತ್ತದೆ: ಒಂದು 97ರಿಂದ, ಇನ್ನೊಂದು 213ರಿಂದ. ಎರಡನೆಯದು ಮುಗಿದ ಕೂಡಲೇ ಆರ್ ಇದೆ, ಅಂದರೆ ಆರ್ಜಿನಿನ್ 216. ಇವುಗಳ ಜೊತೆ ಎಫ್ 77, ಎಚ್ 201 ಅನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಒಟ್ಟು ಐದು ಜಾಗ: 77, 97, 201, 213, 216. ಮುಂದೆ ಇಡೀ ಕೆಲಸ ಈ ಐದರ ಸುತ್ತಲೇ.

ಇನ್ನೊಂದು ಲೆಕ್ಕವನ್ನೂ ಈಗಲೇ ಮಾಡಿ. ಸುರುಳಿಯಾಗಿ ಸುತ್ತಿದ ಸರದಲ್ಲಿ ಒಂದೊಂದು ಅಮೈನೋ ಆಮ್ಲ 1.5 ಆಂಗ್‌ಸ್ಟ್ರಾಂ ಮೇಲೇರುತ್ತದೆ. 30 ಆಂಗ್‌ಸ್ಟ್ರಾಂ ಪೊರೆ ದಾಟಲು ಎಷ್ಟು ಬೇಕು? ಇಪ್ಪತ್ತು. ಹಾಗಾಗಿ ಎಲ್, ಐ, ವಿ, ಎಫ್ ಥರದ ಎಣ್ಣೆ ಇಷ್ಟಪಡುವ ಅಕ್ಷರಗಳು ಇಪ್ಪತ್ತರ ಆಸುಪಾಸು ಗುಂಪಾಗಿ ಬಂದರೆ, ಅದು ಪೊರೆಯೊಳಗಿನ ಸುರುಳಿ ಇರಬಹುದು ಅಂತ ಗುಮಾನಿ ಪಡಬಹುದು. ಚಿತ್ರ ನೋಡದೆ ಇಷ್ಟು ಹೇಳಲು ಬಂದರೆ ಒಂಥರಾ ಖುಷಿ.

ಹೆಜ್ಜೆ ಎರಡು: ನೆಟ್ ಇರುವಾಗ ಇಳಿಸಿಕೊಳ್ಳಿ

ಪ್ರೋಟೀನ್ ಡೇಟಾ ಬ್ಯಾಂಕ್ ಅಂತ ಒಂದು ಭಂಡಾರ ಇದೆ. 1971ರಲ್ಲಿ ಏಳು ರಚನೆಗಳಿಂದ ಶುರುವಾಗಿದ್ದು, ಈಗ ಎರಡು ಲಕ್ಷ ದಾಟಿದೆ. ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಪ್ರೋಟೀನ್ ಸರ ಯಾವ ಕೋನದಲ್ಲಿ ಮಡಚಬಹುದು, ಯಾವುದರಲ್ಲಿ ಆಗುವುದಿಲ್ಲ ಅಂತ ಹೇಳುವ ಅವರ 1963ರ ನಕ್ಷೆಯಿಂದಲೇ ಇವತ್ತಿಗೂ ಈ ಭಂಡಾರದ ರಚನೆಗಳನ್ನು ತಾಳೆ ನೋಡುತ್ತಾರೆ. ರಚನೆಯ ಜೊತೆಗೆ ಬರುವ ಪರೀಕ್ಷಾ ವರದಿಯಲ್ಲಿ ರಾಮಚಂದ್ರನ್ ಹೆಸರು ಕಂಡೇ ಕಾಣುತ್ತದೆ, ಹುಡುಕಿ ನೋಡಿ.

ಭಂಡಾರದ ಹುಡುಕುವ ಜಾಗದಲ್ಲಿ 3ಜಿಡಿ8 ಅಂತ ಹಾಕಿ, ಜಿ ಮತ್ತು ಡಿ ಇಂಗ್ಲಿಷ್ ಅಕ್ಷರಗಳಲ್ಲಿ. ಇದು 2009ರಲ್ಲಿ ಬಂದ ಮನುಷ್ಯರ ಆಕ್ವಾಪೋರಿನ್-4ರ ರಚನೆ. ಪ್ರೋಟೀನನ್ನು ಯೀಸ್ಟಿನಲ್ಲಿ ಬೆಳೆಸಿ, ಹರಳು ಮಾಡಿ, ಎಕ್ಸ್-ರೇ ಹಾಯಿಸಿ ತೆಗೆದದ್ದು. ಸ್ಪಷ್ಟತೆ 1.8 ಆಂಗ್‌ಸ್ಟ್ರಾಂ. ಈ ಸಂಖ್ಯೆ ಕಡಿಮೆ ಇದ್ದಷ್ಟೂ ಚಿತ್ರ ಚೊಕ್ಕ. ಇದಕ್ಕೂ ಮೊದಲು 2006ರಲ್ಲಿ ಇಲಿಯ ಆಕ್ವಾಪೋರಿನ್-4ರ ರಚನೆ 3.2 ಆಂಗ್‌ಸ್ಟ್ರಾಂನಲ್ಲಿ ಬಂದಿತ್ತು, ಅದರ ಸಂಕೇತ 2ಡಿ57. ಅದನ್ನು ಎಲೆಕ್ಟ್ರಾನ್ ಬಳಸಿ, ಕೊಬ್ಬಿನ ಪದರದಲ್ಲೇ ಹಾಳೆಯಂತೆ ಜೋಡಿಸಿ ನೋಡಿದ್ದರು. ಎರಡನ್ನೂ ಇಳಿಸಿಕೊಳ್ಳಿ. ಒಂದೊಂದು ಕಡತವೂ ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗಿಂತ ಚಿಕ್ಕದು.

ನೆಟ್ ಇದ್ದರೆ ಅಲ್ಲೇ 'ಸ್ಟ್ರಕ್ಚರ್' ಅನ್ನುವುದನ್ನು ಒತ್ತಿದರೆ ಮೋಲ್‌ಸ್ಟಾರ್ ಅನ್ನುವ ವೀಕ್ಷಕ ತೆರೆಯುತ್ತದೆ. ನಮ್ಮಲ್ಲಿ ನೆಟ್ ನಂಬಿ ಕೂತರೆ ಆಗಲ್ಲ. ಹಾಗಾಗಿ ಇಳಿಸಿದ ಕಡತವನ್ನು ನೆಟ್ ಇಲ್ಲದೆಯೂ ತೋರಿಸುವ ಕೈಮೆರಾಎಕ್ಸ್ ಅನ್ನುವ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡುಬಿಡಿ. ಓದುವವರಿಗೆ ಅದು ಪುಕ್ಕಟೆ.

ಹೆಜ್ಜೆ ಮೂರು: ಒಂದು ಸರ, ಎರಡು ಬಲಗೈ

ತೆರೆದ ಕೂಡಲೇ ಬಣ್ಣಬಣ್ಣದ ರಿಬ್ಬನ್ ಕಾಣುತ್ತದೆ. ಹೆದರಬೇಡಿ. ಬೆರಳಿನಿಂದ ಎಳೆದರೆ ತಿರುಗುತ್ತದೆ. ಸುರುಳಿಗಳು ನಿಮ್ಮ ಕಣ್ಣಿಗೆ ನೆಟ್ಟಗೆ ನಿಲ್ಲುವವರೆಗೂ ತಿರುಗಿಸಿ, ಆಮೇಲೆ ಎಣಿಸಿ. ಪೊರೆಯನ್ನು ಆಚೆಯಿಂದ ಈಚೆಗೆ ದಾಟುವ ಉದ್ದ ಸುರುಳಿ ಆರು. ಅರ್ಧಕ್ಕೇ ನಿಲ್ಲುವ ಗಿಡ್ಡ ಸುರುಳಿ ಎರಡು. ಆರು ಸಲ ದಾಟಿದ ಮೇಲೆ ಸರದ ಎರಡೂ ತುದಿ ಒಂದೇ ಕಡೆ, ಕೋಶದ ಒಳಗಡೆ ಇರಬೇಕಲ್ವಾ? ಹಾಗೇ ಇದೆ. ನಿಮ್ಮ ಎಣಿಕೆ ಐದೋ ಏಳೋ ಆಗಿದ್ದರೆ ಈ ತಾಳೆಯಲ್ಲೇ ಸಿಕ್ಕಿಬೀಳುತ್ತೀರಿ.

ಈಗ ಪಕ್ಕದವರನ್ನು ಕರೆಯಿರಿ. ನಿಮ್ಮ ಬಲಗೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಮೇಲಕ್ಕೆ ಚಾಚಿ, ಹೆಬ್ಬೆರಳನ್ನು ಮುಂದಕ್ಕೆ ಚಾಚಿ. ಪಕ್ಕದವರ ಬಲಗೈ ಅದೇ ರೀತಿ, ಆದರೆ ಬೆರಳು ಕೆಳಮುಖ. ಎರಡು ಕೈ ಎದುರುಬದುರು ತಂದು ಹೆಬ್ಬೆರಳ ತುದಿಗಳನ್ನು ಒಂದಕ್ಕೊಂದು ತಾಗಿಸಿ. ಆಕ್ವಾಪೋರಿನ್ ಕಟ್ಟಿರುವುದು ಹೀಗೆ. ಸರದ ಮೊದಲರ್ಧ ಒಂದು ಕೈ, ಎರಡನೇ ಅರ್ಧ ತಲೆಕೆಳಗಾದ ಇನ್ನೊಂದು ಕೈ. ಮೂರು ಬೆರಳು ಮೂರು ಉದ್ದ ಸುರುಳಿ, ಹೆಬ್ಬೆರಳು ಗಿಡ್ಡ ಸುರುಳಿ. ಹೆಬ್ಬೆರಳ ತುದಿಯಲ್ಲಿ ನೀವು ಬರೆದಿಟ್ಟುಕೊಂಡ ಎನ್-ಪಿ-ಎ ಕೂತಿರುತ್ತದೆ.

ನಿಮ್ಮದೇ ಎಡಗೈ ಬಳಸಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಬಳಸಬಾರದು. ಬಲಗೈಯನ್ನು ಎಷ್ಟು ತಿರುಗಿಸಿದರೂ ಅದು ಎಡಗೈ ಆಗಲ್ಲ. ಇಲ್ಲಿ ಆಗಿರುವುದು ತಿರುಗಿಸುವಿಕೆಯೇ ಹೊರತು ಕನ್ನಡಿಯ ಪ್ರತಿಬಿಂಬ ಅಲ್ಲ. ಎರಡೂ ಕೈಯ ಸುರುಳಿಗಳು ಮಾಮೂಲಿ ಸ್ಕ್ರೂವಿನ ಹಾಗೆ ಬಲಕ್ಕೇ ತಿರುಪಿಕೊಂಡಿರುತ್ತವೆ.

ನಂಬಿಕೆ ಬರದಿದ್ದರೆ ಪರದೆಯ ಮೇಲಿನ ಅಕ್ಷರ ಸಾಲಿನಲ್ಲಿ 97 ಒತ್ತಿ, ಆಮೇಲೆ 213 ಒತ್ತಿ. ಸರದಲ್ಲಿ ನೂರಕ್ಕೂ ಜಾಸ್ತಿ ಅಕ್ಷರ ದೂರ ಇದ್ದವು ರಚನೆಯಲ್ಲಿ ಅಕ್ಕಪಕ್ಕ ಕೂತಿವೆ. ಅಕ್ಷರ ಓದಿ ಬನ್ನಿ ಅಂದದ್ದು ಇದಕ್ಕೇ.

ಹೆಜ್ಜೆ ನಾಲ್ಕು: ಕಾಳುಮೆಣಸಿನ ಪರೀಕ್ಷೆ

ಕ್ಯಾಲೆಂಡರ್ ಹಾಳೆ ತೆಗೆಯಿರಿ. ಒಂದು ಆಂಗ್‌ಸ್ಟ್ರಾಂಗೆ ಎರಡು ಮಿಲಿಮೀಟರ್ ಲೆಕ್ಕ ಇಟ್ಟುಕೊಳ್ಳೋಣ. ಆಗ ಉದ್ದ ಸುರುಳಿ ಆರು ಸೆಂಟಿಮೀಟರ್, ಗಿಡ್ಡದ್ದು ಮೂರು. ಅಡ್ಡಗಲ ಸುಮಾರು ಎರಡು ಸೆಂಟಿಮೀಟರ್. ಈ ಅಳತೆಯಲ್ಲಿ ಆರು ಉದ್ದ, ಎರಡು ಗಿಡ್ಡ ನಳಿಗೆ ಸುತ್ತಿ. ಉದ್ದದವನ್ನು ನೆಟ್ಟಗೆ ನಿಲ್ಲಿಸಬೇಡಿ, ಸ್ವಲ್ಪ ಓರೆ ಮಾಡಿ ಅಂಟಿಸಿ. ಗಾಳಿಗೆ ಬಾಗಿದ ಅಡಿಕೆ ಮರದಷ್ಟು ಓರೆ ಸಾಕು. ನಡುವೆ ಎರಡು ಕಡೆಯಿಂದ ಗಿಡ್ಡ ನಳಿಗೆಗಳು ಬಂದು ಮುಖಾಮುಖಿ ನಿಲ್ಲಲಿ.

ನೀರಿನ ಅಣುವಿನ ಅಡ್ಡಳತೆ ಸುಮಾರು 2.8 ಆಂಗ್‌ಸ್ಟ್ರಾಂ. ನಮ್ಮ ಲೆಕ್ಕದಲ್ಲಿ ಐದೂವರೆ ಮಿಲಿಮೀಟರ್. ಅಂದರೆ ಒಂದು ದಪ್ಪ ಕಾಳುಮೆಣಸು! ಈಗ ಒಂದು ಕಾಳನ್ನು ಮೇಲಿಂದ ಬಿಡಿ. ನಿಮ್ಮ ದಾರಿ ಎರಡೂ ಬಾಯಲ್ಲಿ ಅಗಲ, ನಡುವೆ ಒಂದೊಂದೇ ಕಾಳು ದಾಟುವಷ್ಟು ಇಕ್ಕಟ್ಟು ಇರಬೇಕು. ಎರಡು ಕಾಳು ಅಕ್ಕಪಕ್ಕ ನುಗ್ಗಿದರೆ ನಿಮ್ಮ ತೂಬು ಸಡಿಲ, ಬಿಚ್ಚಿ ಮತ್ತೆ ಅಂಟಿಸಿ. ನನ್ನ ಮೊದಲ ಮಾದರಿಯಲ್ಲಿ ಅಡಿಕೆಯೇ ಹಾದುಹೋಗುತ್ತಿತ್ತು.

ಪರದೆಗೆ ವಾಪಸ್ ಬನ್ನಿ. 77, 201, 216 ಮೂರನ್ನೂ ಒಂದೊಂದಾಗಿ ಒತ್ತಿ. ಎನ್-ಪಿ-ಎ ಇರುವ ಜಾಗಕ್ಕಿಂತ ಸ್ವಲ್ಪ ಹೊರಕಡೆ ಮೂರೂ ಸುತ್ತುವರಿದು ನಿಂತಿವೆ. ದಾರಿಯ ಅತಿ ಇಕ್ಕಟ್ಟಾದ ಜಾಗ ಇದೇ. ನೀರಿಗಿಂತ ದಪ್ಪನೆಯದು ಇಲ್ಲಿ ಸಿಕ್ಕಿಕೊಳ್ಳುತ್ತದೆ. ಆರ್ಜಿನಿನ್‌ಗೆ ಧನ ವಿದ್ಯುತ್ ಇರುವುದರಿಂದ ಧನ ಅಯಾನುಗಳಿಗೆ ಇಲ್ಲಿ ಪ್ರವೇಶ ಇಲ್ಲ. ಒಳಗೆ ಸಾಲಾಗಿ ಕಾಣುವ ಕೆಂಪು ಚುಕ್ಕಿಗಳು ನೀರಿನ ಆಕ್ಸಿಜನ್. ಹೈಡ್ರೋಜನ್ ತೀರಾ ಹಗುರ, ಈ ಚಿತ್ರದಲ್ಲಿ ಸಿಕ್ಕಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ನನಗೆ ಈ ರಚನೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ನೀರು ಸಾಲುಗಟ್ಟಿ ನಿಂತರೆ ಪ್ರೋಟಾನ್ ಒಂದು ಅಣುವಿನಿಂದ ಇನ್ನೊಂದಕ್ಕೆ ಹಾರುತ್ತಾ ಹೋಗಬಲ್ಲದು. ಮನೆ ಕಟ್ಟುವಾಗ ಸಾಲಾಗಿ ನಿಂತು ಇಟ್ಟಿಗೆ ದಾಟಿಸುತ್ತಾರಲ್ಲ, ಹಾಗೆ. ಹಾಗೆ ಆದರೆ ಪೊರೆಯ ಎರಡು ಬದಿಯ ವಿದ್ಯುತ್ ಅಂತರ ಉಳಿಯುವುದಿಲ್ಲ, ಕೋಶ ಕೆಟ್ಟಿತು. ಇಟ್ಟಿಗೆ ಸಾಗಬೇಕಾದರೆ ಸಾಲಿನಲ್ಲಿ ಎಲ್ಲರೂ ಒಂದೇ ಕಡೆ ಮುಖ ಮಾಡಿರಬೇಕು. ಆಕ್ವಾಪೋರಿನ್ ಏನು ಮಾಡುತ್ತದೆ ಗೊತ್ತಾ? ಎರಡು ಹೆಬ್ಬೆರಳು ಸೇರುವ ಜಾಗದಲ್ಲಿ, 97 ಮತ್ತು 213ರ ಎನ್‌ಗಳು, ಅಂದರೆ ಆಸ್ಪರಜಿನ್‌ಗಳು, ನೀರನ್ನು ಹಿಡಿದು ತಿರುಗಿಸುತ್ತವೆ. ಮೇಲಿನವರ ಮುಖ ಮೇಲಕ್ಕೆ, ಕೆಳಗಿನವರ ಮುಖ ಕೆಳಕ್ಕೆ. ಸಾಲು ಅಲ್ಲೇ ಮುರಿಯಿತು. ನೀರು ದಾಟುತ್ತದೆ, ಪ್ರೋಟಾನ್ ದಾಟಲ್ಲ. ಇಷ್ಟೆಲ್ಲ ತಪಾಸಣೆ ಇದ್ದರೂ ವೇಗಕ್ಕೇನೂ ಕಡಿಮೆ ಇಲ್ಲ. ಆಕ್ವಾಪೋರಿನ್-1ರ ಒಂದೊಂದು ದಾರಿಯಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ಅಣು ಹಾಯುತ್ತವೆ.

ಹೆಜ್ಜೆ ಐದು: ನಾಲ್ಕರ ನಡುವಿನ ತೂತು

ಇಲ್ಲಿ ನಾನು ಎಡವಿದ್ದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ.

ಈ ಪ್ರೋಟೀನು ಒಂಟಿಯಾಗಿ ಇರುವುದಿಲ್ಲ. ನಾಲ್ಕು ಸೇರಿ ಒಂದು ಕಟ್ಟು. ಪರದೆಯಲ್ಲಿ ಒಂದೇ ಸರ ಕಾಣುತ್ತಿದ್ದರೆ ಬಲಗಡೆಯ ಪಟ್ಟಿಯಲ್ಲಿ 'ಅಸೆಂಬ್ಲಿ' ಅನ್ನುವುದನ್ನು ಆರಿಸಿ, ನಾಲ್ಕೂ ಬರುತ್ತವೆ. ಮೇಲಿಂದ ನೋಡಿದರೆ ನಾಲ್ಕು ದಳದ ಹೂವಿನ ಹಾಗೆ, ನಡುವೆ ಒಂದು ತೂತು.

ಎಂಎಸ್ಸಿ ಓದುವಾಗ ಸೆಮಿನಾರಿಗೆ ಮೂರು ದಿನ ಕೂತು ಚಾರ್ಟ್ ಬರೆದೆ. ಆ ನಡುವಿನ ತೂತಿಗೆ ನೀಲಿ ಬಾಣ ಹಾಕಿ 'ನೀರಿನ ದಾರಿ' ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಎದುರಿಗೆ ಕೂತಿದ್ದ ಮೇಷ್ಟ್ರು ಒಂದೇ ಮಾತು ಕೇಳಿದರು: "ಹಾಗಿದ್ರೆ ಒಂದೊಂದರ ಒಳಗಿರೋ ಎನ್-ಪಿ-ಎಗೆ ಏನು ಕೆಲಸ ಮಾರಾಯ?" ನನ್ನ ಬಾಯಿ ಕಟ್ಟಿತು.

ನೀರು ಹೋಗುವುದು ಒಂದೊಂದು ದಳದ ಒಳಗಿಂದ. ನಾಲ್ಕು ದಳ, ನಾಲ್ಕು ದಾರಿ. ನಡುವಿನ ತೂತಿನ ಗೋಡೆಗೆ ಎಣ್ಣೆ ಇಷ್ಟಪಡುವ ಅಕ್ಷರಗಳೇ ಜಾಸ್ತಿ, ನೀರಿಗೆ ಅದು ದಾರಿಯಲ್ಲ. ಗಾಜನೂರು ಡ್ಯಾಮಿನಲ್ಲಿ ನೀರು ಬರುವುದು ಗೇಟುಗಳಿಂದ, ಎರಡು ಗೇಟಿನ ನಡುವಿನ ಕಂಬದಿಂದ ಅಲ್ಲವಲ್ಲ. ತಪ್ಪಬಾರದು ಅಂದರೆ ಹೀಗೆ ಮಾಡಿ: ಕೆಂಪು ಚುಕ್ಕಿ ಸಾಲು ಎಲ್ಲಿದೆ ನೋಡಿ, ಬಾಣ ಅಲ್ಲಿಗೇ ಹಾಕಿ.

ಹೆಜ್ಜೆ ಆರು: ಪೊರೆ ಎಲ್ಲಿ ಹೋಯಿತು?

ಕಡತದಲ್ಲಿ ಪೊರೆ ಇರುವುದಿಲ್ಲ. ಹರಳು ಮಾಡುವಾಗ ಕೊಬ್ಬನ್ನು ಸಾಬೂನಿನಂಥ ವಸ್ತುವಿನಿಂದ ತೊಳೆದಿರುತ್ತಾರೆ. ಹಾಗಾಗಿ ಯಾವುದು ಒಳಗು, ಯಾವುದು ಹೊರಗು ಅಂತ ಗೊಂದಲ. ಒಪಿಎಂ ಅನ್ನುವ ತಾಣದಲ್ಲಿ ಅದೇ ಸಂಕೇತ ಹಾಕಿದರೆ ಪೊರೆಯ ಎರಡು ಅಂಚನ್ನು ಚುಕ್ಕಿಗಳಲ್ಲಿ ತೋರಿಸುತ್ತದೆ. ಕೆಂಪು ಹೊರಗಡೆ, ನೀಲಿ ಒಳಗಡೆ. ಹೊರಗೆ ಚಾಚಿದ ಕುಣಿಕೆಗಳು ಯಾವುವು ಅಂತ ಇಲ್ಲಿ ಗುರುತು ಮಾಡಿಕೊಳ್ಳಿ, ಕೂಡಲೇ ಬೇಕಾಗುತ್ತದೆ.

ಹೆಜ್ಜೆ ಏಳು: ಚಿತ್ರದಲ್ಲಿ ಇಲ್ಲದ್ದನ್ನು ಹುಡುಕಿ

ಎಣಿಸಿ ನೋಡಿ. ಯೂನಿಪ್ರಾಟಿನಲ್ಲಿ 323 ಇದ್ದವು, ಇಲ್ಲಿ ಸುಮಾರು 220 ಮಾತ್ರ. ಎರಡೂ ತುದಿ ಕಾಣೆ. ತುದಿಗಳು ಗಾಳಿಗೆ ಸಿಕ್ಕಿದ ಬಳ್ಳಿಯ ಕುಡಿಯ ಹಾಗೆ ಓಲಾಡುವುದರಿಂದ ಹರಳು ಕಟ್ಟಲು ತೊಂದರೆ, ಅದಕ್ಕೇ ಮೊದಲೇ ಕತ್ತರಿಸಿದ್ದಾರೆ.

ಆದರೆ ಆಕ್ವಾಪೋರಿನ್-4ರ ದೊಡ್ಡ ಕತೆ ಇರುವುದೇ ಆ ಕತ್ತರಿಸಿದ ತುದಿಯಲ್ಲಿ. ಕೋಶ ಇದನ್ನು ಎರಡು ಉದ್ದದಲ್ಲಿ ಮಾಡುತ್ತದೆ. ಒಂದು ಮೊದಲಿನಿಂದ ಶುರುವಾಗುವ ಎಂ1, 323 ಅಕ್ಷರ. ಇನ್ನೊಂದು 23ನೇ ಅಕ್ಷರದಿಂದ ಶುರುವಾಗುವ ಎಂ23, 301 ಅಕ್ಷರ. ಗಿಡ್ಡ ಎಂ23 ಇದ್ದಾಗ ನಾಲ್ಕರ ಕಟ್ಟುಗಳು ಒಂದರ ಪಕ್ಕ ಒಂದು ಕೂತು ಅಂಗಳದ ಚಪ್ಪಡಿಯ ಹಾಗೆ ಚೌಕಚೌಕವಾಗಿ ಹಾಸಿಕೊಳ್ಳುತ್ತವೆ. ಎಂ1ರ ಉದ್ದ ತುದಿ ಈ ಹಾಸಿಗೆಗೆ ಅಡ್ಡಿ. ಅದರಲ್ಲಿ 13 ಮತ್ತು 17ನೇ ಸಿಸ್ಟೀನ್‌ಗಳಿಗೆ ಕೊಬ್ಬಿನ ಬಾಲ ಅಂಟಿಕೊಂಡು, ಪಕ್ಕದವರು ಹತ್ತಿರ ಬಾರದಂತೆ ಮಾಡುತ್ತವೆ. ಎಂ23ರಲ್ಲಿ ಆ ಎರಡೂ ಅಕ್ಷರ ಇಲ್ಲವೇ ಇಲ್ಲ.

ನಮ್ಮ 1.8 ಆಂಗ್‌ಸ್ಟ್ರಾಂನ ಅಷ್ಟು ಚೊಕ್ಕ ಚಿತ್ರದಲ್ಲಿ ಇದರ ಸುಳಿವೇ ಇಲ್ಲ! ಅದಕ್ಕೇ ನಾನು ಮಕ್ಕಳಿಗೆ ಹೇಳುವುದು, ಕಂಡದ್ದರ ಪಟ್ಟಿ ಮಾಡುವ ಹಾಗೇ ಕಾಣದ್ದರ ಪಟ್ಟಿಯನ್ನೂ ಮಾಡಿ ಅಂತ. ನನ್ನ ಹತ್ತಿರ ಬರುವ ಹತ್ತು ಚಾರ್ಟಿನಲ್ಲಿ ಒಂದರಲ್ಲೂ ಅದು ಇರುವುದಿಲ್ಲ.

ಪೂರ್ತಿ ಉದ್ದ ಬೇಕಿದ್ದರೆ ಆಲ್ಫಾಫೋಲ್ಡ್ ಭಂಡಾರದಲ್ಲಿ ಪಿ55087 ಹುಡುಕಿ. ಅದು ಕಂಪ್ಯೂಟರಿನ ಊಹೆ, ಒಳ್ಳೇ ಊಹೆ. ಅದನ್ನು ಕಟ್ಟಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ 2024ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಬಣ್ಣ ಮಾತ್ರ ಗಮನಿಸಿ. ಕಡು ನೀಲಿ ಅಂದರೆ ಭರವಸೆ ಜಾಸ್ತಿ, ಹಳದಿ ಅಂದರೆ ಕಡಿಮೆ, ಕಿತ್ತಳೆ ಅಂದರೆ ನಂಬಲೇಬೇಡಿ. ನಡುವಿನ ಸುರುಳಿಗಳ ಬಣ್ಣವನ್ನೂ ಎರಡು ತುದಿಗಳ ಬಣ್ಣವನ್ನೂ ಹೋಲಿಸಿ ನೋಡಿ.

ಈ ಚೌಕದ ಹಾಸಿಗೆ ಪರೀಕ್ಷೆಗಷ್ಟೇ ಓದುವ ವಿಷಯ ಅಲ್ಲ. ನ್ಯೂರೋಮೈಲೈಟಿಸ್ ಆಪ್ಟಿಕಾ ಅನ್ನುವ ಕಾಯಿಲೆಯಲ್ಲಿ ದೇಹದ ಪ್ರತಿಕಾಯಗಳೇ ಆಕ್ವಾಪೋರಿನ್-4ರ ಮೇಲೆ ಬೀಳುತ್ತವೆ. ಕಣ್ಣಿನ ನರ, ಬೆನ್ನುಹುರಿ ಎರಡಕ್ಕೂ ಪೆಟ್ಟು. ಆ ಪ್ರತಿಕಾಯ 2004ರಲ್ಲಿ ಪತ್ತೆಯಾಯಿತು, ಅದರ ಗುರಿ ಈ ಪ್ರೋಟೀನು ಅಂತ 2005ರಲ್ಲಿ ಗೊತ್ತಾಯಿತು. ಪ್ರತಿಕಾಯ ಹಿಡಿಯುವುದು ನೀವು ಈಗಷ್ಟೇ ಗುರುತಿಸಿದ ಹೊರಗಿನ ಕುಣಿಕೆಗಳನ್ನು. ಚೌಕದ ಹಾಸಿಗೆ ಇದ್ದಲ್ಲಿ ಹಿಡಿತ ಇನ್ನೂ ಬಿಗಿ. ಈಗ ರಕ್ತ ಪರೀಕ್ಷೆಯಲ್ಲೇ ಇದನ್ನು ನೋಡುತ್ತಾರೆ. ಯಾರಿಗಾದರೂ ದಿಢೀರನೆ ಕಣ್ಣು ಮಂಜಾದರೆ ಈ ಲೇಖನ ಓದುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಮಿದುಳು ಬಾತುಕೊಳ್ಳುವುದರಲ್ಲೂ ಈ ತೂಬಿನ ಪಾತ್ರ ಇದೆ. 2000ದಲ್ಲಿ ಆಕ್ವಾಪೋರಿನ್-4 ಇಲ್ಲದ ಇಲಿಗಳಿಗೆ ಪಾರ್ಶ್ವವಾಯುವಿನ ನಂತರದ ಬಾವು ಕಡಿಮೆ ಅಂತ ಕಂಡುಬಂತು. ಹಾಗಾದರೆ ತೂಬು ಮುಚ್ಚಿಬಿಟ್ಟರೆ ಆಯಿತಲ್ಲ? 2004ರಲ್ಲಿ ಬೇರೆ ಬಗೆಯ ಬಾವಿನಲ್ಲಿ, ಅಂದರೆ ರಕ್ತನಾಳದಿಂದಲೇ ನೀರು ಸೋರಿ ಬರುವ ಬಾವಿನಲ್ಲಿ, ಅಂಥ ಇಲಿಗಳ ಸ್ಥಿತಿ ಇನ್ನೂ ಹದಗೆಟ್ಟಿತು. ನೀರು ಹೊರಗೆ ಹೋಗಲೂ ಅದೇ ತೂಬು ಬೇಕಲ್ಲ. ಅಪ್ಪಯ್ಯನ ಪ್ರಶ್ನೆ ಇಲ್ಲೂ ಕೆಲಸಕ್ಕೆ ಬಂತು.

ಇದಾದ ಮೇಲೆ

ಕೈ ಪಳಗಿದ್ದರೆ ಅದೇ ಆಸ್ಟ್ರೋಸೈಟಿನ ಇನ್ನೆರಡು ಪ್ರೋಟೀನ್ ಹುಡುಕಿ. ಕನೆಕ್ಸಿನ್-43ರಲ್ಲಿ ಒಂದೊಂದಕ್ಕೆ ನಾಲ್ಕು ಸುರುಳಿ, ಆರು ಸೇರಿ ಒಂದು ಉಂಗುರ. ಪಕ್ಕದ ಕೋಶದ ಉಂಗುರಕ್ಕೆ ಅದು ಮುಖ ಕೊಟ್ಟು ಕೂತರೆ ಎರಡು ಕೋಶಕ್ಕೂ ಒಂದೇ ಸುರಂಗ.

ಇನ್ನೊಂದು ಕೆಐಆರ್4.1, ಪೊಟ್ಯಾಸಿಯಂ ದಾರಿ. ಮೆಕಿನನ್ ಹೆಸರು ನೆನಪಿದೆಯಲ್ಲ, ಅವರು ಬಿಡಿಸಿದ್ದು ಇದೇ ದೊಡ್ಡ ಮನೆತನದ ಒಂದು ದಾರಿಯನ್ನು. ಇದರಲ್ಲೂ ನಾಲ್ಕು ಸೇರಿ ಒಂದು ಕಟ್ಟು. ಒಂದೊಂದರಲ್ಲಿ ಪೊರೆ ದಾಟುವ ಸುರುಳಿ ಎರಡೇ. ಇಲ್ಲೂ ನಾಲ್ಕರ ನಡುವೆ ಒಂದು ತೂತು ಕಾಣುತ್ತದೆ. ನೀಲಿ ಬಾಣವನ್ನು ಈ ಸಲ ಅಲ್ಲಿಗೇ ಹಾಕಿ. ಇಲ್ಲಿ ದಾರಿ ನಿಜವಾಗಿಯೂ ಅದೇ.

ಚೆಲ್ಲಿದ ಮೆಣಸನ್ನು ಆರಿಸಿ ಡಬ್ಬಕ್ಕೆ ಹಾಕಲು ಮರೆಯಬೇಡಿ. ನಮ್ಮ ಮನೆಯಲ್ಲಿ ಅದಕ್ಕೇ ಜಾಸ್ತಿ ಬೈಗುಳ.